ಅರ್ಧ ಬಸ್ಸು ನನ್ನದಾಗಿದ್ದಾಗ

ನಾನು ಮೊದಲು ಹಣ ಹಾಕಿದ್ದು ಒಂದು ಬಸ್ಸಿಗೆ. ಇಡೀ ಬಸ್ಸಿಗಲ್ಲ, ಅದರ ಅರ್ಧಕ್ಕೆ. ಇನ್ನರ್ಧ ಅಕ್ಕನ ಗಂಡನದು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುತ್ತಿದ್ದ ಆ ಬಸ್ಸನ್ನು ಕೊಂಡ ಹನ್ನೊಂದನೆಯ ತಿಂಗಳಲ್ಲಿ ಭಾವ ತೀರಿಕೊಂಡರು. ಬಸ್ಸಿಗಾಗಿ ನಾನು ಮಾಡಿದ ಒಂದು ನಿಯಮ ಅವರ ಔಷಧವನ್ನು ತಡೆದು ನಿಲ್ಲಿಸಿತ್ತು. ಔಷಧ ಅವರದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಎಷ್ಟರ ಮಟ್ಟಿಗೆ ನಿಜ ಎಂದು ನೋಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯ ಆ ಎರಡು ವರ್ಷಗಳ ಡೈರಿ ನನ್ನ ಬಳಿ ಇದೆ. ಅದರ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಇಪ್ಪತ್ತಾರು ವರ್ಷದ ಹುಡುಗ ತಾನು ಏನಾಗಬೇಕೆಂದಿದ್ದನೋ ಅದನ್ನೇ ಬರೆದಿದ್ದಾನೆ. ನೆನಪಿನ ಮೇಲಂತೂ ಇನ್ನೂ ಕಡಿಮೆ ಭರವಸೆ. ಡೈರಿಯಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಕಣ್ಣಿಗೆ ಕಟ್ಟಿದಂತಿವೆ. ಅವುಗಳಲ್ಲಿ ಕೆಲವನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು.

ಬಸ್ಸಿಗೆ ಮುಂಚೆ ಎರಡು ಕೆಲಸ ಮಾಡಿದ್ದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವನು ಮೊದಲು ಸೊರಬದ ಒಂದು ಶಾಲೆಯಲ್ಲಿ ಎಂಟು ತಿಂಗಳು ಮೇಷ್ಟರಾಗಿದ್ದೆ. ಮಕ್ಕಳಿಗೆ ನನ್ನ ಹೆದರಿಕೆ ಇರಲಿಲ್ಲ, ನನಗೆ ಅವರ ಹೆದರಿಕೆ ಇತ್ತು. ಆಮೇಲೆ ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ, ಹಳೆಯ ಕಾಗದಪತ್ರ ಇಡುವ ಕೋಣೆಯಲ್ಲಿ ಗುಮಾಸ್ತ. ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳು, ಹುಳ ಹಿಡಿದ ಪಹಣಿಗಳು. ಆ ಕೋಣೆ ನನಗೆ ಬಹಳ ಹಿಡಿಸಿತು. ಹೆಸರು, ತಾರೀಖು, ರುಜು ಮೂರೂ ಇದ್ದ ಕಾಗದಕ್ಕೆ ನೂರು ವರ್ಷವಾದರೂ ಬೆಲೆ. ಒಂದು ಇಲ್ಲದಿದ್ದರೂ ಅದು ರದ್ದಿ. ಶಾಲೆಯಲ್ಲಿ ಕಲಿಯದ್ದನ್ನು ಅಲ್ಲಿ ಕಲಿತೆ ಅಂದುಕೊಂಡೆ.

ಆ ಕೆಲಸ ಬಿಡಿಸಿ ನನ್ನನ್ನು ಬಸ್ಸಿಗೆ ಎಳೆದವರು ಭಾವ. ಸೊರಬದ ಈಚೆಗೆ, ರಸ್ತೆಯಿಂದ ಎರಡು ಫರ್ಲಾಂಗು ಒಳಗೆ ಅವರ ಊರು. ಗದ್ದೆ ಇತ್ತು, ಊಟಕ್ಕೆ ಕೊರತೆಯಿರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ಮಾರಾಟಕ್ಕೆ ಬಂದಿದ್ದ ಒಂದು ಹಳೆಯ ಬಸ್ಸನ್ನು ನೋಡಿ ಬಂದು, ನಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದರು:

"ನಾನು ಅರ್ಧ ಹಾಕ್ತೀನಿ. ನೀನು ಅರ್ಧ ಹಾಕು. ನಡೆಸೋನು ನೀನೇ."

"ನನಗೆ ಬಸ್ಸಿನ ಬಗ್ಗೆ ಏನು ಗೊತ್ತು ಭಾವ?"

"ನನಗೇನು ಗೊತ್ತು ಮಾರಾಯ? ನೀನು ಓದಿದೋನು. ನಾಕು ಜನ ನಿನ್ನ ಮಾತು ಕೇಳ್ತಾರೆ. ನನ್ನ ಮಾತು ನಮ್ಮನೆ ಎತ್ತೂ ಕೇಳಲ್ಲ."

ಒಳಗಿನಿಂದ ಅಕ್ಕ, "ಎತ್ತಿಗೆ ಯಾಕೆ ಬಯ್ತೀರಿ, ಅದು ಜಾಣ ಇದೆ" ಅಂದಳು. ಅವ್ವ ನಕ್ಕಳು. ಅಪ್ಪ ಬಿಟ್ಟುಹೋಗಿದ್ದ ಹಣ ಅವ್ವನ ಹೆಸರಿನಲ್ಲಿತ್ತು. ಅದರಲ್ಲಿ ನನ್ನ ಅರ್ಧ ಬಂತು.

ಬಸ್ಸಿನ ಜೊತೆಗೆ ಅದರ ಡ್ರೈವರೂ ಬಂದರು. ಐವತ್ತರ ಸಮೀಪದ, ಶಿಕಾರಿಪುರದ ಮುಸ್ಲಿಮರು. ಮುಂಚಿನ ಮಾಲೀಕನ ಹತ್ತಿರವೂ ಅವರೇ ಇದ್ದವರು. ಎಲ್ಲರೂ ಅವರನ್ನು ಸಾಬ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೊದಲ ದಿನದಿಂದ "ಸಾವ್ಕಾರ್ರೆ" ಎಂದರು. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ನನಗೆ ಕಡೆಯವರೆಗೂ ತಿಳಿಯಲಿಲ್ಲ. ರಾತ್ರಿ ಬಸ್ಸು ಸೊರಬದಲ್ಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಶಿಕಾರಿಪುರಕ್ಕೆ ಬಂದು, ಸಂಜೆ ವಾಪಸು ಹೊರಡುತ್ತಿತ್ತು.

ಆ ದಾರಿಯಲ್ಲಿ ಒಂದು ರೂಢಿ ಇತ್ತು. ಆಗ ಆಸ್ಪತ್ರೆಯಲ್ಲಿ ಮಿಕ್ಸ್ಚರ್ ಬೇಕೆಂದರೆ ಸೀಸೆಯನ್ನು ನಾವೇ ಒಯ್ಯಬೇಕು. ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಹಳ್ಳಿಯವರು ರಸ್ತೆಯ ಪಕ್ಕ ಖಾಲಿ ಸೀಸೆ ಹಿಡಿದು ನಿಂತಿರುತ್ತಿದ್ದರು. ಕತ್ತಿಗೆ ದಾರ, ದಾರಕ್ಕೆ ವೈದ್ಯರ ಚೀಟಿ. ಸಾಬ್ರು ಇಂಜಿನ್ ಆರಿಸದೆ ಕೈ ಚಾಚಿ ಸೀಸೆ ತೆಗೆದುಕೊಳ್ಳುವರು. ಶಿಕಾರಿಪುರದಲ್ಲಿ ಕಾಂಪೌಂಡರ್ ಚೀಟಿ ನೋಡಿ ಔಷಧ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂದು ತಿಳಿಯಲು ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸುವನು. ಸಂಜೆ ಅದೇ ರಸ್ತೆಯ ಪಕ್ಕದಲ್ಲಿ ಅದೇ ಕೈಗೆ ಸೀಸೆ. ಯಾವುದು ಯಾರದು ಎಂದು ಎಲ್ಲಿಯೂ ಬರೆದಿರಲಿಲ್ಲ, ಸಾಬ್ರ ತಲೆಯಲ್ಲಿತ್ತು. ಅದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ. ಹೆಚ್ಚೆಂದರೆ ನಾಲ್ಕು ಸೌತೆಕಾಯಿ.

ಮೊದಲ ಒಂಬತ್ತು ತಿಂಗಳು ನಾನು ಇದನ್ನು ನೋಡಿಯೂ ಸುಮ್ಮನಿದ್ದೆ. ಆಮೇಲೆ ಒಂದು ದಿನ ಎರಡು ಸೀಸೆ ಅದಲುಬದಲಾದವು. ಮಂಡಿಗೆ ಹಚ್ಚುವ ಎಣ್ಣೆ ಕೆಮ್ಮಿನ ಮುದುಕಿಯ ಮನೆಗೆ ಹೋಯಿತು. ಮುದುಕಿ ಎರಡು ಗುಟುಕು ಕುಡಿದು ವಾಂತಿ ಮಾಡಿಕೊಂಡಳು, ಬದುಕಿದಳು. ಮರುದಿನ ಅವಳ ಮಗ ಬಸ್ ನಿಲ್ದಾಣದ ಎದುರಿನ ನಮ್ಮ ಆಫೀಸಿಗೆ ಬಂದು ಮೇಜಿನ ಮೇಲೆ ಕೈ ಬಡಿದ.

"ನಮ್ಮವ್ವ ಸತ್ತಿದ್ರೆ ಯಾರ್ರೀ ಜವಾಬ್ದಾರಿ? ನೀವೋ, ನಿಮ್ಮ ಸಾಬ್ರೋ?"

 ಉತ್ತರ ಇಲ್ಲದೆ ನಿಂತದ್ದು ಬಹಳ ಚುಚ್ಚಿತು. ಆ ಸಂಜೆಯೇ ಒಂದು ರಿಜಿಸ್ಟರ್ ತಂದು ಗೆರೆ ಹಾಕಿದೆ. ಇನ್ನು ಮುಂದೆ ಸೀಸೆಯೋ ಗಂಟೋ, ಯಾವ ಸಾಮಾನಾದರೂ ಕಳಿಸುವವರ ಹೆಸರು, ರೋಗಿಯ ಹೆಸರು, ಊರು ಬರೆಸಬೇಕು. ಲಗೇಜು ಚೀಟಿ ತೆಗೆದುಕೊಳ್ಳಬೇಕು. ಇಳಿಸಿಕೊಳ್ಳುವವರು ರುಜು ಇಲ್ಲವೆ ಹೆಬ್ಬೆಟ್ಟು ಹಾಕಬೇಕು. ಹೆಸರಿಲ್ಲದ ಸಾಮಾನು ಬಸ್ಸು ಹತ್ತುವಂತಿಲ್ಲ. ಡೈರಿಯಲ್ಲಿ ಆ ದಿನ ಹೀಗಿದೆ: 'ಇವತ್ತು ಒಂದು ವ್ಯವಸ್ಥೆ ಮಾಡಿದೆ. ನೆಮ್ಮದಿ.'

ಆ ನಿಯಮ ತಪ್ಪಾಗಿತ್ತೇ? ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಇವತ್ತು ಯಾರಾದರೂ ಅದನ್ನು ನನ್ನ ಮುಂದೆ ತಂದರೂ ಸರಿಯೆಂದೇ ಹೇಳುತ್ತೇನೇನೋ.

ಸಾಬ್ರಿಗೆ ಹೇಳಿದಾಗ ಅವರು ರಿಜಿಸ್ಟರನ್ನು ತಿರುವಿ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಬಸ್ಸು ಕಚೇರಿ ಆತು ಬಿಡ್ರಿ ಸಾವ್ಕಾರ್ರೆ. ಇನ್ನ ಸ್ಟೇರಿಂಗಿಗೂ ಒಂದು ಪಹಣಿ ಬರೀರಿ."

"ತಮಾಷೆ ಅಲ್ಲ ಸಾಬ್ರೆ. ಮುದುಕಿ ಸತ್ತಿದ್ದರೆ?"

"ಅದು ನನ್ನ ತಪ್ಪು. ಒಪ್ಪಿದೆ. ಇಪ್ಪತ್ತು ವರ್ಷಕ್ಕೆ ಒಂದು ತಪ್ಪು." ರಿಜಿಸ್ಟರ್ ಮುಚ್ಚಿ ಹೇಳಿದರು: "ಹೆಸರು ಹೇಳಾಕೆ ಆಗದೋರು ಇರ್ತಾರ್ರೀ. ಖಾಯಿಲೆ ಅಂದ್ರೆ ಎಲ್ಲಾ ನೆಗಡಿ ಕೆಮ್ಮಲ್ಲ. ಹೆಣ್ಮಕ್ಕಳದು ಇರ್ತೈತೆ, ಮದುವೆ ಆಗೋರದು ಇರ್ತೈತೆ."

"ಅಂಥವರು ಸ್ವತಃ ಬಂದು ತೆಗೆದುಕೊಳ್ಳಲಿ."

ಅವರು ನನ್ನ ಮುಖ ನೋಡಿದರು. ಇನ್ನೇನೋ ಹೇಳುವವರಿದ್ದರು ಎಂದು ನನಗೆ ಈಗ ಅನಿಸುತ್ತದೆ. ಈ ಮಾತುಕತೆ ಡೈರಿಯಲ್ಲಿ ಒಂದೇ ಸಾಲು: 'ಡ್ರೈವರ್ ಒಪ್ಪಲು ಹೊತ್ತು ಹಿಡಿಯಿತು.' ಅವರು ಮುಖ ನೋಡಿದ್ದು ಅದರಲ್ಲಿಲ್ಲ.

ಆ ಭಾನುವಾರ ಭಾವನಿಗೆ ಹೇಳಲು ಅವರ ಊರಿಗೇ ಹೋದೆ. ಅರ್ಧ ಬಸ್ಸು ಅವರದಲ್ಲವೆ? ಊಟಕ್ಕೆ ಕೂತಾಗ ರಿಜಿಸ್ಟರಿನ ಪ್ರತಿಯೊಂದು ಅಂಕಣವನ್ನೂ ವಿವರಿಸಿದೆ. ಅಕ್ಕ ಬಡಿಸುತ್ತಿದ್ದವಳು ಪಾತ್ರೆ ಹಿಡಿದು ಅಲ್ಲೇ ನಿಂತಳು. ಭಾವ ಅನ್ನ ಕಲಸುತ್ತ ಕೇಳಿದರು.

"ಯಾರಿಗೂ ವಿನಾಯ್ತಿ ಇಲ್ವ?"

"ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಭಾವ."

"ಅದು ಸರಿ." ಒಂದು ತುತ್ತು ತಿಂದರು. "ಸರಿ ಮಾಡಿದೀಯ. ರೂಲು ಅಂದ್ಮೇಲೆ ಮಾಲೀಕಂಗೂ ಒಂದೇ, ಕೂಲಿಯೋನಿಗೂ ಒಂದೇ. ಅದಕ್ಕೇ ನಡೆಸೋನು ನೀನು ಅಂದಿದ್ದು."

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಈ ಮಾತು. ಇದು ಮಾತ್ರ ಡೈರಿಯಲ್ಲಿ ಅಕ್ಷರ ಅಕ್ಷರ ಇದೆ, ಹೆಮ್ಮೆಯಿಂದ ಬರೆದುಕೊಂಡಿದ್ದೇನೆ. ಅವರು ಆಗ ಒಂದೇ ಒಂದು ಮಾತು, 'ನನಗೊಂದು ಸೀಸೆ ಬರಬೇಕು' ಎಂದಿದ್ದರೆ ಸಾಕಿತ್ತು. ಆದರೆ ಅವರಿಗಿದ್ದದ್ದು ಮೂರ್ಛೆ ರೋಗ. ಮದುವೆಯ ಕಾಲಕ್ಕೆ ಅವರ ಮನೆಯವರು ನಮಗೆ ಅದನ್ನು ಹೇಳಿರಲಿಲ್ಲ. ಮದುವೆಯಾದ ಮೇಲೆ ಅಕ್ಕ ತಾನೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ಕಡೆಯವರು ಮೋಸ ಮಾಡಿದರೆಂದು ಜಗಳ ತೆಗೆಯುತ್ತಿದ್ದರು, ಅವಳನ್ನು ಕರೆದುಕೊಂಡೇ ಬರುತ್ತಿದ್ದರೇನೋ. ಅವಳು ಗಂಡನನ್ನು ತವರಿನಿಂದ ಬಚ್ಚಿಟ್ಟುಕೊಂಡಳು. ಶಿವಮೊಗ್ಗದ ಒಬ್ಬ ವೈದ್ಯರು ಬರೆದುಕೊಟ್ಟ ಚೀಟಿ ಇತ್ತು. ಸೊರಬದ ಆಸ್ಪತ್ರೆಯಲ್ಲಿ ಭಾವನ ಗುರುತಿನವರು, ಶಿಕಾರಿಪುರದಲ್ಲಿ ನಮ್ಮವರು, ಸ್ವತಃ ಹೋದರೆ ಗುಟ್ಟು ಉಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸೋಮವಾರ ಸೀಸೆ ಸಾಬ್ರ ಕೈಗೆ ಹೋಗುತ್ತಿತ್ತು. ಕಾಂಪೌಂಡರನಿಗೆ ಅವರು ತಮ್ಮ ಕಡೆಯವರದೆಂದು ಹೇಳಿದ್ದರು. ನಾವು ಬಸ್ಸು ಕೊಳ್ಳುವ ಮುಂಚಿನಿಂದಲೂ ಹಾಗೇ ನಡೆದಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಿಜವಾಗಿ ಆಮೇಲೆಯೇ? ಭಾವನ ಎಡಗೈ ಮೇಲೆ ಸುಟ್ಟ ಗಾಯದ ಕಲೆ ಇತ್ತು, ಬಚ್ಚಲ ಒಲೆಯ ಹತ್ತಿರ ಜಾರಿದೆ ಅನ್ನುತ್ತಿದ್ದರು. ಮನೆಯಲ್ಲಿ ಸೈಕಲ್ಲಿತ್ತು, ಅವರು ಹತ್ತುತ್ತಿರಲಿಲ್ಲ, ತಳ್ಳಿಕೊಂಡು ಹೋಗುತ್ತಿದ್ದರು. ಕೆರೆಯ ಕಡೆ ಅವರು ಹೊರಟರೆ ಅಕ್ಕ ಬಟ್ಟೆ ಒಗೆಯುವ ನೆಪ ಮಾಡಿ ಹಿಂದೆ ಹೋಗುತ್ತಿದ್ದಳು. ಇವನ್ನೆಲ್ಲ ನಾನು ಕಂಡಿದ್ದೆ. ಕಂಡದ್ದನ್ನು ಕೂಡಿಸಲಿಲ್ಲ ಎನ್ನಬಹುದು. ಕೂಡಿಸಲು ಇಷ್ಟವಿರಲಿಲ್ಲ ಎಂದೂ ಹೇಳಬಹುದು. ಭಾವನ ಹಣದ ಮೇಲೆ ನನ್ನ ಹೊಸ ಕುರ್ಚಿ ನಿಂತಿತ್ತು.

ನಿಯಮ ಬಂದ ಮೇಲೆ ಮೂರು ಸೋಮವಾರ ಸಾಬ್ರು ಆ ಸೀಸೆಯನ್ನು ಕದ್ದು ಸಾಗಿಸಿದರು. ನಾಲ್ಕನೆಯ ಸೋಮವಾರ ಸಂಜೆ, ಬಸ್ಸು ಹೊರಡುವ ಮುಂಚೆ, ಸಾಮಾನು ನೋಡಲು ಹತ್ತಿದವನು ಡ್ರೈವರ್ ಸೀಟಿನ ಕೆಳಗೆ ಟವೆಲಿನಲ್ಲಿ ಸುತ್ತಿದ್ದ ಸೀಸೆ ಕಂಡೆ. ತುಂಬಿದ ಸೀಸೆ, ಕತ್ತಿನಲ್ಲಿ ಚೀಟಿ. ಚೀಟಿಯಲ್ಲಿ ಇಂಗ್ಲಿಷ್ ಔಷಧಗಳ ಹೆಸರಿತ್ತು, ಮನುಷ್ಯರ ಹೆಸರಿರಲಿಲ್ಲ.

"ಇದು ಯಾರದು ಸಾಬ್ರೆ?"

"ನಮ್ಮ ಕಡೆಯೋರದು."

"ಹೆಸರು?"

ಅವರು ಸ್ಟೇರಿಂಗ್ ಕಡೆ ತಿರುಗಿದರು. ಬಸ್ಸಿನ ತುಂಬ ಜನ. ನಾನು ಸಣ್ಣ ದನಿಯಲ್ಲಿ ಕೇಳಬಹುದಿತ್ತು.

"ನಿಯಮ ಪಾಲಿಸಬೇಕಾದವರೇ ಕಳ್ಳತನದಲ್ಲಿ ಸಾಗಿಸಿದರೆ ಉಳಿದವರಿಗೆ ನಾನು ಏನು ಹೇಳಲಿ?" ಎಂದೆ.

ಕಳ್ಳತನ ಎಂಬ ಪದ ನನ್ನ ಬಾಯಿಂದ ಬಂತೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಾಬ್ರ ಕಿವಿಯ ಪಕ್ಕದಲ್ಲಿ ಒಂದು ನರ ಎದ್ದುದು ನೆನಪಿದೆ. ಹಿಂದಿನ ಸೀಟಿನಿಂದ ಯಾರೋ, "ಸಾಬ್ರೆ, ಸಿಕ್ಕಿಬಿದ್ರಲ್ಲ, ಕಳ್ಳಭಟ್ಟಿ ಏನ್ರೀ?" ಅಂದರು. ನಗು ಎದ್ದಿತು. ಸಾಬ್ರು ಯಾವ ಹೆಸರನ್ನೂ ಹೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದರು. ನಾನು ಸೀಸೆಯನ್ನು ಆಫೀಸಿಗೆ ತಂದು ಕಪಾಟಿನ ಮೇಲಿಟ್ಟೆ. ಬೇಕಾದವರು ಬಂದು ಹೆಸರು ಬರೆಸಿ ಒಯ್ಯಲಿ ಎಂದು.

ಸಾಬ್ರು ಮಂಗಳವಾರ ಬೆಳಿಗ್ಗೆ ಬಸ್ಸು ತಂದು ನಿಲ್ಲಿಸಿ, ಕೀಲಿ ಕಂಡಕ್ಟರನ ಕೈಗೆ ಕೊಟ್ಟು ಮನೆಗೆ ಹೋದರು. ನಾಲ್ಕು ದಿನ ಬರಲಿಲ್ಲ. ಬದಲಿ ಡ್ರೈವರನ್ನು ಹಿಡಿದು ನಡೆಸಿದೆ. ಬಿಗಿಯಾಗಿರಬೇಕು, ಸಡಿಲಬಾರದು ಎಂದು ಡೈರಿಯಲ್ಲಿ ನನಗೆ ನಾನೇ ಉಪದೇಶ ಮಾಡಿಕೊಂಡಿದ್ದೇನೆ.

ಗುರುವಾರದ ಪುಟದಲ್ಲಿ ಹೀಗಿದೆ: 'ಅಕ್ಕ ಬಂದಿದ್ದಳು. ಸಂಜೆ ಬಸ್ಸಿಗೆ ಹೋದಳು.' ಇಷ್ಟೇ.

ನನ್ನ ತಲೆಯಲ್ಲಿರುವುದು ಇದಕ್ಕಿಂತ ಹೆಚ್ಚು. ಅಕ್ಕ ಆಫೀಸಿನ ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಮಂಡಕ್ಕಿ, ಚಹಾ ತರಿಸಿದ್ದೇನೆ. ಇಬ್ಬರು ವ್ಯಾಪಾರಿಗಳು ಇದ್ದಾರೆ, ಅವರಿಗೆ ರಿಜಿಸ್ಟರ್ ತೋರಿಸುತ್ತಿದ್ದೇನೆ. ಅಕ್ಕನ ಕಣ್ಣು ಕಪಾಟಿನ ಮೇಲೆ ಹೋಗಿ ಬರುತ್ತದೆ, ಮತ್ತೆ ಹೋಗುತ್ತದೆ. "ಏನಕ್ಕಾ, ಏನಾದರೂ ಬೇಕಿತ್ತಾ?" ಎನ್ನುತ್ತೇನೆ. "ಏನಿಲ್ಲ, ನಿನ್ನ ನೋಡಿ ಹೋಗಣ ಅಂತ" ಎನ್ನುತ್ತಾಳೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾಳೆ.

ಇದು ಕಂಡದ್ದೋ, ಸಾಬ್ರು ಹೇಳಿದ ಮೇಲೆ ಮನಸ್ಸು ಬರೆದುಕೊಂಡದ್ದೋ, ನಾನು ಆಣೆ ಮಾಡಿ ಹೇಳಲಾರೆ.

ಭಾವ ತೀರಿಕೊಂಡದ್ದು ಶನಿವಾರ. ನಾಟಿ ಮುಗಿದ ಹೊಸತು. ಬೆಳಿಗ್ಗೆ ಬೇಗ ಎದ್ದು, ಅಕ್ಕ ಹಾಲು ಕರೆಯುತ್ತಿದ್ದಾಗ, ಗದ್ದೆಗೆ ನೀರು ತಿರುಗಿಸಲು ಒಬ್ಬರೇ ಹೋಗಿದ್ದರು. ಕಾಲುವೆಯಲ್ಲಿ ಕವುಚಿ ಬಿದ್ದಿದ್ದರು. ನೀರು ಮೊಣಕಾಲಷ್ಟೂ ಇರಲಿಲ್ಲ. ನಾವು ಹೋಗುವ ಹೊತ್ತಿಗೆ ಅವರನ್ನು ಜಗಲಿಗೆ ತಂದು ಮಲಗಿಸಿದ್ದರು. ಮೂಗಿನ ಹೊಳ್ಳೆಯಲ್ಲಿ ಇನ್ನೂ ಕೆಸರಿತ್ತು. ಬದು ಕುಸಿದು ಕಾಲು ಜಾರಿತು ಎಂದು ಅಕ್ಕ ಹೇಳಿದಳು. ಊರವರು ತಲೆ ಆಡಿಸಿದರು. ಕೆಲವರಿಗೆ ಗೊತ್ತಿತ್ತೆಂದು ಈಗ ಅನಿಸುತ್ತದೆ. ನಾಲ್ಕು ವರ್ಷದ ಮಗಳು ಅವರ ಹೆಬ್ಬೆರಳನ್ನು ಹಿಡಿದು ಕೂತಿದ್ದಳು. ಬಿಡಿಸಲು ಹೋದವರ ಕೈ ಕಚ್ಚಿದಳು.

ಆ ದಿನ ನಮ್ಮ ಕಡೆಯ ಜನರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಅಲ್ಲಿಗೆ ಕರೆತಂದವರು ಸಾಬ್ರು. ಹೇಳಿಕಳಿಸದೆ ತಾವೇ ಬಂದು ಸ್ಟೇರಿಂಗ್ ಹಿಡಿದಿದ್ದರು. ಮಣ್ಣು ಮಾಡುವಾಗ ದೂರ ನಿಂತಿದ್ದರು. 

ಮೂರು ದಿನ ಬಿಟ್ಟು ಆಫೀಸಿಗೆ ಬಂದರು. ಖಾಕಿ ಕೋಟನ್ನು ಮಡಚಿ ಮೇಜಿನ ಮೇಲಿಟ್ಟರು. ಅದು ಬಸ್ಸಿನ ಜೊತೆ ಬಂದ ಕೋಟು.

"ಆ ಬಾಟ್ಲಿ ಇನ್ನ ಅಲ್ಲೇ ಐತಾ?" ಅಂದರು.

"ಯಾವುದು?"

"ಕಪಾಟಿನ ಮ್ಯಾಲಿಂದು. ತಗದು ಚೆಲ್ರಿ. ಕುಡಿಯೋರಿಲ್ಲ."

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅವರು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು, ನಾನು ಮೇಲೆ ಬರೆದದ್ದೆಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನಗೆ ಯಾಕೆ ಹೇಳಲಿಲ್ಲ ಸಾಬ್ರೆ?"

"ಅಕ್ಕಾರು ಆಣೆ ಹಾಕಿಸಿದ್ರು. ತಮ್ಮಂಗೆ ಮಾತ್ರ ಹೇಳಬ್ಯಾಡ್ರಿ ಅಂತ." ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆವತ್ತು ಅದು ನಂದೇ, ನನ್ನ ಹೆಸರು ಬರಕಳ್ರಿ ಅಂದಿದ್ರೆ ಮುಗೀತಿತ್ತು. ಬಾಯಿಗೆ ಬಂದಿತ್ತು. ಎಲ್ಲರ ಮುಂದೆ ಕಳ್ಳ ಅಂದ್ರಿ ನೋಡ್ರಿ, ಸಿಟ್ಟು ಬಂತು. ಇರ್ಲಿ, ಈ ಹುಡುಗಂಗೆ ಬುದ್ಧಿ ಬರ್ಲಿ ಅಂದ್ಕೊಂಡೆ. ಸಂಜೆ ಅಕ್ಕಾರಿಗೆ ಹೇಳಿದೆ, ನಿಮ್ಮ ತಮ್ಮನ ಆಫೀಸ್ನಾಗೆ ಐತೆ, ನೀವೇ ಹೋಗಿ ಇಸ್ಕಳ್ರಿ ಅಂತ. ಅವರು ಬಂದಿದ್ರಂತಲ್ಲ ಗುರುವಾರ. ಇಸ್ಕಂಡಿರ್ತಾರೆ ಅಂತ ನಾನು ನೆಮ್ಮದಿಯಾಗಿದ್ದೆ." ಎದ್ದರು. "ನನ್ನದೂ ಐತೆ ಇದರಾಗೆ. ನಿಮ್ಮೊಬ್ಬರದೇ ಅಲ್ಲ."

ನಾನು ಅವರನ್ನು ಇರಿ ಎನ್ನಲಿಲ್ಲ. ಅದು ಇನ್ನೊಂದು ತಪ್ಪು. ಅವರು ಶಿಕಾರಿಪುರದಲ್ಲೇ ಒಂದು ಲಾರಿಗೆ ಸೇರಿದರು. ಎದುರು ಸಿಕ್ಕಾಗ ಸಲಾಂ ಹೇಳುತ್ತಿದ್ದರು, ಸಾವ್ಕಾರ್ರೆ ಎನ್ನುತ್ತಿರಲಿಲ್ಲ.

ನಾನು ಬಸ್ಸನ್ನು ಆ ವರ್ಷವೇ ಮಾರಿದೆ. ಭಾವನ ಅರ್ಧ ಅಕ್ಕನಿಗೆ ಹೋಯಿತು, ನನ್ನ ಅರ್ಧ ಶಿವಮೊಗ್ಗದ ಒಂದು ಹಂಚಿನ ಕಾರ್ಖಾನೆಗೆ ಹೋಯಿತು, ಅಲ್ಲಿಂದ ಬೇರೆ ಬೇರೆ ಕಡೆಗೆ. ಯಾವ ಕಾರ್ಖಾನೆಗೆ ಹಣ ಹಾಕುವ ಮುಂಚೆಯೂ ನಾನು ಲೆಕ್ಕದ ಪುಸ್ತಕ ನೋಡಿ ಮುಗಿಸಿ, ಹೊರಗೆ ಬಂದು ಕೆಲಸದವರ ಹತ್ತಿರ ಕೂತು ಕೇಳುತ್ತೇನೆ: ಪುಸ್ತಕದಲ್ಲಿ ಇಲ್ಲದ್ದು ಇಲ್ಲಿ ಏನೇನು ನಡೆಯುತ್ತದೆ? ಅವರು ಮೊದಲು ಹೆದರುತ್ತಾರೆ. ಆಮೇಲೆ ಹೇಳುತ್ತಾರೆ. ಯಾರು ಯಾರ ಪಾಳಿ ಮಾಡುತ್ತಾರೆ, ಯಾವ ಹೆಂಗಸಿಗೆ ಭಾರದ ಕೆಲಸ ಕೊಡುವುದಿಲ್ಲ, ಯಾವ ಕಾವಲುಗಾರನಿಗೆ ಕಣ್ಣು ಕಾಣುವುದಿಲ್ಲ. ಇದು ನನ್ನ ಜಾಣತನವೆಂದು ಜನ ತಿಳಿದಿದ್ದಾರೆ. ಮುಂದಾಳುತನದ ಬಗ್ಗೆ ಮಾತಾಡಲು ಕರೆದ ಕಡೆಯೆಲ್ಲ ಇದನ್ನು ಹೇಳುತ್ತೇನೆ, ಚಪ್ಪಾಳೆ ತಟ್ಟುತ್ತಾರೆ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಅನುಭವ ಎನ್ನುತ್ತೇನೆ. ಹೆಂಡತಿಗೆ ನಿಜ ಹೇಳಲು ಮದುವೆಯಾಗಿ ಹನ್ನೊಂದು ವರ್ಷ ಬೇಕಾಯಿತು. ಅವಳು ಕೇಳಿ, "ನಿಮ್ಮ ಅಕ್ಕನ್ನ ಒಂದು ಸಲ ಕೇಳಿ" ಎಂದಳು.

ಕೇಳಿದೆ. ಅಕ್ಕ ಆಗ ಗಂಡನ ಊರಿನಲ್ಲೇ ಇದ್ದಳು, ಮೈದುನನ ಜೊತೆ ಬೇಸಾಯ ನೋಡಿಕೊಂಡು. ಮಧ್ಯಾಹ್ನ. ಮೊರದಲ್ಲಿ ಹುಣಿಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಸಾಬ್ರು ಹೇಳಿದ್ರಾ?"

"ಆಗಲೇ ಹೇಳಿದ್ದರು. ಮೂರು ದಿನಕ್ಕೆ."

"ಇಷ್ಟು ವರ್ಷ ಹೊಟ್ಟೆಲಿ ಇಟ್ಕೊಂಡು ತಿರುಗಿದ್ಯಾ? ಹುಚ್ಚ."

"ಗುರುವಾರ ನೀನು ಆಫೀಸಿಗೆ ಬಂದಿದ್ದೆ. ಯಾಕೆ ಕೇಳಲಿಲ್ಲ ಅಕ್ಕಾ?"

"ಆಫೀಸಿಗೆ ನಾನೆಲ್ಲಿ ಬಂದಿದ್ದೆ? ಅವ್ವಂಗೆ ಮೈಗೆ ಹುಷಾರಿರ್ಲಿಲ್ಲ, ನೋಡ್ಕೊಂಡು ಹೋದೆ. ನಿನ್ನ ಆಫೀಸಿನ ಮೆಟ್ಲೂ ಹತ್ತಲಿಲ್ಲ."

"ಬೆಂಚಿನ ಮೇಲೆ ಕೂತಿದ್ದೆ. ಮಂಡಕ್ಕಿ ತರಿಸಿದ್ದೆ."

"ಅದು ಬೇರೆ ಯಾವತ್ತೋ."

"ಡೈರಿಯಲ್ಲಿ ಬಂದಿದ್ದಳು ಅಂತಿದೆ."

"ಹಂಗಾರೆ ಡೈರಿನೇ ಕೇಳು, ನನ್ನ ಯಾಕೆ ಕೇಳ್ತೀಯ?" ಅಂದಳು. ಸಿಟ್ಟಿನಿಂದಲ್ಲ, ಚಿಕ್ಕಂದಿನಲ್ಲಿ ನನ್ನನ್ನು ಗದರಿಸುತ್ತಿದ್ದ ಹಾಗೆ. ಒಂದು ಬೀಜ ಬಿಡಿಸಿ ಮೊರದ ಅಂಚಿಗಿಟ್ಟು, "ಸುಳ್ಳು ಹೆಸರು ಬರೆಸಿ ತರಿಸಣ ಅಂತ ನಾನೇ ಅವರಿಗೆ ಹೇಳಿದ್ದೆ. ಬೇಡ ಅಂದ್ರು. ಅವನು ಕಷ್ಟಪಟ್ಟು ಗೆರೆ ಹಾಕಿದಾನೆ, ಅದರಲ್ಲಿ ನಾವೇ ಸುಳ್ಳು ಬರೆಸಿದ್ರೆ ಹೆಂಗೆ ಅಂದ್ರು. ನಾಕು ದಿನ ತಾನೆ, ಏನಾಗಲ್ಲ ಅಂದ್ರು" ಎಂದಳು. "ಔಷಧ ಕುಡಿದಾಗಲೂ ಎರಡು ಸಲ ಬಿದ್ದಿದ್ರು. ಅದನ್ನೂ ಬರ್ಕೋ ನಿನ್ನ ಡೈರೀಲಿ."

ಅವಳು ನಿಜ ಹೇಳಿದಳೋ, ನನ್ನ ಭಾರ ಇಳಿಸಲು ಸುಳ್ಳು ಹೇಳಿದಳೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಬಹಳ ಕಾಲ ಅದನ್ನೇ ಹಿಡಿದು ಜಗ್ಗಿದೆ. ಅವಳು ಆ ಬೆಂಚಿನ ಮೇಲೆ ಕೂತಿದ್ದಳು ಎಂದಾದರೆ, ಕೈಗೆಟಕುವಷ್ಟು ಹತ್ತಿರವಿದ್ದ ಗಂಡನ ಔಷಧವನ್ನು ಸ್ವಂತ ತಮ್ಮನ ಹತ್ತಿರ ಕೇಳಲಾರದೆ ಎದ್ದು ಹೋದಳು. ಬಂದೇ ಇರಲಿಲ್ಲ ಎಂದಾದರೆ, ಕೇಳುವುದು ಸಾಧ್ಯವಿಲ್ಲವೆಂದು ಮೊದಲೇ ಗೊತ್ತಿದ್ದು ಮೆಟ್ಟಿಲು ಹತ್ತಲಿಲ್ಲ. ಎರಡರಲ್ಲಿ ಯಾವುದು ನಿಜವಾದರೂ, ಕುರ್ಚಿಯ ಮೇಲೆ ಕೂತವನು ನಾನೇ.

ಹೊರಡುವಾಗ ಅವಳು ಅಂಗಳದ ತನಕ ಬಂದಳು. "ಮಗಳಿಗೆ ಗಂಡು ನೋಡ್ತಿದೀವಿ" ಅಂದಳು. "ಅಪ್ಪಂಗೆ ಇತ್ತು ಅಂದ್ರೆ ಯಾರೂ ಬರಲ್ಲ. ಅವಳಿಗೂ ಗೊತ್ತಿಲ್ಲ. ನಿನ್ನ ಸಂಕಟ ನಿನ್ನ ಹತ್ರ ಇರ್ಲಿ ತಮ್ಮಾ. ಹೊರಗೆ ತರಬೇಡ."

ಮಾತು ಕೊಟ್ಟೆ. ಅಕ್ಕ ಈಗಿಲ್ಲ. ಮಗಳಿಗೆ ಮೊಮ್ಮಕ್ಕಳಾಗಿವೆ, ಎಲ್ಲ ಆರೋಗ್ಯವಾಗಿವೆ. ಆದರೂ ನಾನು ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಮಾತು ಕೊಟ್ಟ ವರ್ಷವೇ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಐದು ಜನ, ಒಳ್ಳೆಯ ಜನ. ತಂದೆಯಿಲ್ಲದ ಹುಡುಗಿ, ಹಾಗಾಗಿ ಸೋದರಮಾವ ನಾನೇ ಎದುರು ಕೂತಿದ್ದೆ. ಉಪ್ಪಿಟ್ಟು ಬಂತು. ಹುಡುಗನ ದೊಡ್ಡಪ್ಪ ತಟ್ಟೆ ಕೈಗೆ ತೆಗೆದುಕೊಂಡು, ಕೇಳಲೇಬೇಕಾದದ್ದನ್ನು ಕೇಳುವ ಸಂಕೋಚದಿಂದ ಕೇಳಿದರು:

"ಹುಡುಗಿ ತಂದೆ ಚಿಕ್ಕ ವಯಸ್ಸಲ್ಲೇ ಹೋದ್ರಂತೆ. ಏನಾಗಿತ್ರೀ?"

ಅಕ್ಕ ನಡುಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದಳು.

"ಗದ್ದೆಗೆ ನೀರು ತಿರುಗಿಸಲು ಹೋಗಿದ್ದರು. ಬದು ಕುಸಿದು ಕಾಲು ಜಾರಿತು" ಎಂದೆ.

"ಖಾಯಿಲೆ ಗೀಯಿಲೆ?"

"ಏನೂ ಇರಲಿಲ್ಲ. ಗಟ್ಟಿ ಆಳು. ನನ್ನ ಪಾಲುದಾರರಾಗಿದ್ದರು, ನನಗೆ ಚೆನ್ನಾಗಿ ಗೊತ್ತು."

ದೊಡ್ಡಪ್ಪ ತಲೆ ಆಡಿಸಿ ತಿನ್ನಲು ಶುರು ಮಾಡಿದರು. ಅಕ್ಕ ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು.